ಬಹಿಯಾ ಅತ್ತೆಯ ಮೂರನೆಯ ಸುತ್ತು

ಬಹಿಯಾ ಸಿತ್ತೋನ್ ತೀರಿಕೊಂಡು ಹನ್ನೊಂದು ತಿಂಗಳಾಯಿತು. ವರ್ಷದ ನೆನಪಿಗೆ ನಮ್ಮ ಯೆಹೂದಿ ಸಮುದಾಯದ ಪತ್ರಿಕೆಯಲ್ಲಿ ಅವಳ ಬಗ್ಗೆ ಎರಡು ಪುಟ ಬರೆಯುವ ಕೆಲಸವನ್ನು ಸಮಿತಿಯವರು ನನ್ನ ಕೊರಳಿಗೆ ಕಟ್ಟಿದ್ದಾರೆ.

"ಅಕ್ಕಿ ಕಥೆ ಮಾತ್ರ ಬಿಡ್ಬೇಡ ಮುರಾದ್, ಎಲ್ರೂ ಬಿದ್ದುಬಿದ್ದು ನಗ್ತಾರೆ," ಎಂದ ಗ್ರಿಶಾ ಲೆವೆಂತಾಲ್.

ಆ ಕಥೆ ಜಪಾನಿನ ಈ ಕೋಬೆಯಲ್ಲಿರುವ ನಮ್ಮ ಮಕ್ಕಳಿಗೂ ಬಾಯಿಪಾಠ. ಒಂದು ವರ್ಷ ಪೆಸಾಹ್ ಹಬ್ಬದ ಹಿಂದಿನ ದಿನ ಬಹಿಯಾ ಅತ್ತೆಗೆ ಕಣ್ಣು ಕಾಣದೆ ಹಬ್ಬದ ಅಕ್ಕಿಯೆಲ್ಲ ಕೆಟ್ಟಿತು, ಎಂಬತ್ತು ಜನ ಆಲೂಗಡ್ಡೆ ತಿಂದು ಎದ್ದರು. ಇಷ್ಟೇ ಕಥೆ. ಬಿಡುವುದಿಲ್ಲ, ಬರೆಯುತ್ತೇನೆ. ಆದರೆ ಮೊದಲು ಅವಳ ವಿಷಯ.

ಸಿರಿಯಾದ ಅಲೆಪ್ಪೊದಲ್ಲಿ ಹುಟ್ಟಿದ ಬಹಿಯಾ ಹತ್ತೊಂಬತ್ತಕ್ಕೆ ಮದುವೆಯಾಗಿ ಹಡಗು ಹತ್ತಿ ಇಲ್ಲಿಗೆ ಬಂದಳು. ಗಂಡ ಹತ್ತಿಬಟ್ಟೆ ರಫ್ತು ಮಾಡುವವರಲ್ಲಿ ಗುಮಾಸ್ತ. ಆರನೆಯ ವರ್ಷಕ್ಕೆ ಅವನು ತೀರಿಹೋದ. ಮಕ್ಕಳಿರಲಿಲ್ಲ. ಬ್ಯೂನಸ್ ಐರಿಸ್‌ನಲ್ಲಿದ್ದ ಅಣ್ಣಂದಿರು ಬಾ ಎಂದು ಬರೆದರು. "ಬರ್ತೀನಿ, ಈ ಹಬ್ಬ ಒಂದು ಮುಗೀಲಿ," ಎಂದು ಉತ್ತರ ಬರೆದಳು. ನಮ್ಮಲ್ಲಿ ಒಂದು ಹಬ್ಬ ಮುಗಿಯುವಷ್ಟರಲ್ಲಿ ಇನ್ನೊಂದು ಹೊಸಿಲ ಮೇಲೆ ನಿಂತಿರುತ್ತದೆ. ಹಾಗೆಯೇ ನಲವತ್ತೊಂದು ವರ್ಷ ಕಳೆಯಿತು.

ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದಳು. ಮಂಗಳವಾರ ಮಧ್ಯಾಹ್ನ ಮುದುಕಿಯರನ್ನೆಲ್ಲ ಕೂರಿಸಿ ಮಾಜಾಂಗ್ ಆಡಿಸುತ್ತಿದ್ದಳು. ಆಟದಲ್ಲಿ ಮೋಸ ಮಾಡುತ್ತಿದ್ದಳು, ಅದನ್ನೂ ಬರೆಯಬೇಕು. ಪುರೀಮ್ ಹಬ್ಬದ ನಾಟಕಕ್ಕೆ ಇದ್ದ ಒಂದೇ ರಾಜನ ಅಂಗಿಯನ್ನು ಹತ್ತು ವರ್ಷದ ಹುಡುಗನ ಅಳತೆಗೆ ಹೊಲಿದಿದ್ದಳು. ಆದ್ದರಿಂದ ನಮ್ಮ ರಾಜನಿಗೆ ಎಂದೂ ಹತ್ತೇ ವರ್ಷ, ರಾಣಿಗೆ ಮಾತ್ರ ಒಮ್ಮೆ ಅರವತ್ತು. ರಾಣಿಯಾದವನು ಗ್ರಿಶಾ. ಶರತ್ಕಾಲದ ಚಪ್ಪರದ ಹಬ್ಬಕ್ಕೆ ಬಿದಿರು ತರುವ ಮುದುಕ ಪ್ರತಿ ವರ್ಷವೂ "ಯಾರ ಮದ್ವೆ?" ಎಂದು ಕೇಳುತ್ತಿದ್ದ. "ನಂದೇ ಕಣಪ್ಪ. ಈ ಸಲಾನೂ ಗಂಡು ಸಿಗ್ಲಿಲ್ಲ," ಎನ್ನುತ್ತಿದ್ದಳು.

ಎಲ್ಲದಕ್ಕೂ ಕೈಬರಹದ ಸೂಚನಾಪತ್ರ. ಕೆಳಗಡೆ ಯಾವಾಗಲೂ ಒಂದೇ ಸಾಲು: "ಮೂರು ವರ್ಷದವರಿಂದ ತೊಂಬತ್ತರವರೆಗೆ ಎಲ್ಲರೂ ಬರಬೇಕು. ಬಾರದವರು ಕಾರಣವನ್ನು ನನಗೇ ಬಂದು ಹೇಳಬೇಕು." ಕಾರಣ ಹೇಳುವುದಕ್ಕಿಂತ ಬರುವುದೇ ಸುಲಭವಾಗಿತ್ತು.

ಆ ಪತ್ರಗಳ ಅಕ್ಷರ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಬಂತು. ಮೊದಲು ಉದ್ದಿನಕಾಳಷ್ಟಿದ್ದದ್ದು ಕಡಲೆಯಷ್ಟಾಯಿತು, ಆಮೇಲೆ ಹುಣಿಸೆಬೀಜದಷ್ಟು. ನಾನು ಮುತ್ತಿನ ವ್ಯಾಪಾರಿ. ಗಾತ್ರ ಬೆಳೆದದ್ದು ನನಗೆ ತಿಳಿಯದೇ? ಸಮಿತಿಯಲ್ಲಿ ಹೇಳಿದೆ: "ಅತ್ತೆಗೆ ಕಣ್ಣು ಮಂಜಾಗಿದೆ. ಹಬ್ಬದ ಅಕ್ಕಿ ಇನ್ನು ಅವಳ ಕೈಲಿರಬಾರದು."

"ಹಾಗಂತ ಅವಳ ಮುಂದೆ ಹೇಳೋನು ಯಾರಪ್ಪ?" ಎಂದರು ಅಧ್ಯಕ್ಷರು.

"ನಾನು ಹೇಳ್ತೀನಿ. ಆದ್ರೆ ಪುರಾವೆ ಇಟ್ಕೊಂಡು ಹೇಳ್ತೀನಿ."

ಪೆಸಾಹ್‌ನ ಎಂಟು ದಿನ ಗೋಧಿ, ಜವೆಗೋಧಿ ನಮ್ಮ ಪಾತ್ರೆಯ ಹತ್ತಿರ ಸುಳಿಯುವಂತಿಲ್ಲ. ಗ್ರಿಶಾನಂತಹ, ಚೀನಾದ ಹಾರ್ಬಿನ್ ಕಡೆಯಿಂದ ಬಂದವರು ಅಕ್ಕಿಯನ್ನೂ ಮುಟ್ಟುವುದಿಲ್ಲ. ಅಲೆಪ್ಪೊದವರಾದ ನಾವು ತಿನ್ನುತ್ತೇವೆ, ಆದರೆ ಕಾಳು ಕಾಳಾಗಿ ಮೂರು ಸುತ್ತು ಆರಿಸಿದ ಮೇಲೆ. ಸಭಾಂಗಣದಲ್ಲಿ ಬಿಳಿ ಬಟ್ಟೆ ಹಾಸಿ ಮೊದಲ ಸುತ್ತು ಮಕ್ಕಳು, ಎರಡನೆಯ ಸುತ್ತು ದೊಡ್ಡವರು, ಮೂರನೆಯದು ಬಹಿಯಾ ಅತ್ತೆ ಒಬ್ಬಳೇ. ಒಂದೊಂದು ತಟ್ಟೆ ಮುಗಿದಾಗಲೂ "ಶುದ್ಧ" ಎಂದು ಗಟ್ಟಿಯಾಗಿ ಹೇಳಿ ಹೊಸ ಜಾಡಿಗೆ ಸುರಿಯುತ್ತಿದ್ದಳು. ಆ ಮಾತು ಬೀಳದ ಅಕ್ಕಿಯನ್ನು ಯಾರ ಮನೆಯಲ್ಲೂ ಒಲೆಗೆ ಇಡುತ್ತಿರಲಿಲ್ಲ.

ನಮ್ಮ ವ್ಯಾಪಾರದಲ್ಲೊಂದು ಪದ್ಧತಿ ಇದೆ. ಮುತ್ತು ಆರಿಸುವವರ ಕಣ್ಣು ಹೇಗಿದೆ ಎಂದು ನೋಡಲು ರಾಶಿಯೊಳಗೆ ಎರಡು ಮೂರು ಹುಸಿ ಮುತ್ತು ಸೇರಿಸುತ್ತೇವೆ. ಹೆಕ್ಕಿದರೆ ಕಣ್ಣು ಗಟ್ಟಿ, ಬಿಟ್ಟರೆ ಕನ್ನಡಕದ ಅಂಗಡಿಗೆ ದಾರಿ. ಅದನ್ನೇ ಅತ್ತೆಗೂ ಮಾಡುವುದೆಂದುಕೊಂಡೆ. ಇಲ್ಲಿನ ದಿನಸಿ ಅಂಗಡಿಗಳಲ್ಲಿ ಅನ್ನಕ್ಕೆ ಬೆರೆಸಲೆಂದೇ, ಅಕ್ಕಿಯ ಆಕಾರಕ್ಕೆ ಸೀಳಿದ ಜವೆಗೋಧಿ ಸಿಗುತ್ತದೆ. ಅಕ್ಕಿಯ ಪಕ್ಕ ಇಟ್ಟರೆ ನನ್ನ ಕಣ್ಣೂ ಎರಡು ಸಲ ನೋಡಬೇಕು. ಒಂದು ಪೊಟ್ಟಣ ತಂದೆ.

ಹೆಂಡತಿ ನಝ್ಲಿ ಪೊಟ್ಟಣ ನೋಡಿ ಕೇಳಿದಳು: "ಹಬ್ಬದ ಹೊತ್ತಲ್ಲಿ ಇದ್ಯಾಕೆ ಮನೆಗೆ ಬಂತು?" ಹೇಳಿದೆ. "ಅವಳೇನು ನಿನ್ನ ಅಂಗಡಿ ಕೆಲಸದವಳಾ? ಬೇಡ ಕಣ್ರೀ, ಬುದ್ಧಿ ಹೆಚ್ಚಾದ್ರೂ ಅಜೀರ್ಣ ಆಗತ್ತೆ," ಎಂದಳು. ನಾನು ನಕ್ಕೆ. ಅವಳು 'ಕಣ್ರೀ' ಎಂದರೆ ಕೋಪ ಬಂದಿದೆ ಎಂದರ್ಥ. ಅದು ಗೊತ್ತಿದ್ದೂ ನಕ್ಕೆ.

ಹಬ್ಬದ ಹಿಂದಿನ ದಿನ ಭಾನುವಾರ. ಅತ್ತೆಯ ಎದುರು ಕುಳಿತೆ.

"ಏನೋ, ಇವತ್ತು ಮುತ್ತು ಮಾರಾಟ ಇಲ್ವಾ? ಅಕ್ಕಿ ತೂಗಕ್ಕೆ ಬಂದ್ಯಾ?"

"ನಿಮ್ಮನ್ನ ನೋಡಕ್ಕೆ ಬಂದೆ ಅತ್ತೆ."

"ನೋಡು ನೋಡು. ನೋಡೋದಕ್ಕೆ ಕಾಸು ಕೇಳಲ್ಲ, ಅದಕ್ಕೇ ಬಂದಿದ್ದೀಯ."

ಅಕ್ಕಿ ಎರಚಾಡುತ್ತಿದ್ದ ಮಕ್ಕಳನ್ನು ಗದರಲು ಅವಳು ಹಿಂದೆ ತಿರುಗಿದಳು. ಜೇಬಿನಿಂದ ಒಂದು ಚಿಟಿಕೆ ತೆಗೆದು ಅವಳ ತಟ್ಟೆಗೆ ಉದುರಿಸಿದೆ. ಅವಳು "ಶುದ್ಧ" ಎಂದ ಕೂಡಲೇ ತಟ್ಟೆಗೆ ಕೈ ಅಡ್ಡ ಇಟ್ಟು ಕಾಳು ಎತ್ತಿ ತೋರಿಸುವುದು ನನ್ನ ಯೋಜನೆ. ಅಷ್ಟರಲ್ಲಿ ಮೇಲಿನ ಕೋಣೆಗೆ ನನಗೆ ಫೋನು ಬಂತು. ಒಸಾಕಾದ ಗಿರಾಕಿ. ಮಾತು ಮುಗಿಸಿ ಇಳಿದು ಬರುವಾಗ ಇಪ್ಪತ್ತು ನಿಮಿಷ ದಾಟಿತ್ತು. ಉಳಿದವರೆಲ್ಲ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದರು. ಜಾಡಿ ತುಂಬಿತ್ತು. ಅತ್ತೆ ಒಬ್ಬಳೇ ಕುಳಿತಿದ್ದಳು, ಎಡಗೈ ಮುಷ್ಟಿ ಕಟ್ಟಿಕೊಂಡು.

"ಬಾಪ್ಪ. ಹನ್ನೊಂದು ಸಿಕ್ತು," ಎಂದು ಮುಷ್ಟಿ ಬಿಚ್ಚಿದಳು. "ಎಷ್ಟು ಹಾಕಿದ್ದೆ?"

"ಅತ್ತೆ, ನಿಮಗೆ ಹೇಗೆ..."

"ಮಂಜು ಬಂದಿರೋದು ಕಣ್ಣಿಗೆ. ಬೆರಳಿಗಲ್ಲ. ಜವೆಗೋಧೀನ ಎಷ್ಟು ಸೀಳಿದ್ರೂ ಬೆನ್ನಲ್ಲಿ ಒಂದು ಗೀರು ಇರತ್ತೆ. ಆರು ವರ್ಷದಿಂದ ಬೆರಳಲ್ಲೇ ಆರಿಸ್ತಿದ್ದೀನಿ. ಮಕ್ಕಳಿಗೆ ಇದು ಎಲ್ಲಿಂದ ಸಿಗಬೇಕು? ಬೇಕು ಅಂತ ಹಾಕೋ ಬುದ್ಧಿವಂತ ಇಲ್ಲಿ ನೀನೊಬ್ಬನೇ. ಎಷ್ಟು ಹಾಕಿದ್ದೆ ಹೇಳು, ಲೆಕ್ಕ ಸರಿಹೋದ್ರೆ ಮಾತ್ರ ಈ ಜಾಡೀನ ಶುದ್ಧ ಅನ್ನಬಹುದು."

"ಒಂದು ಚಿಟಿಕೆ."

"ಚಿಟಿಕೆ ಅಂದ್ರೆ ಎಷ್ಟೋ? ಮುತ್ತನ್ನ ಚಿಟಿಕೆ ಲೆಕ್ಕದಲ್ಲಿ ಮಾರ್ತೀಯಾ?"

ಅರ್ಧ ಮಿಲಿಮೀಟರಿಗೆ ಅರ್ಧ ಗಂಟೆ ಜಗಳವಾಡುವ ನಾನು ಅದನ್ನು ಎಣಿಸಿರಲಿಲ್ಲ. ಹನ್ನೊಂದೇ ಇರಬಹುದು, ಹದಿಮೂರೂ ಇರಬಹುದು. ಹನ್ನೊಂದು ಎಂದು ಸುಳ್ಳು ಹೇಳಿಬಿಡೋಣ ಎನ್ನಿಸಿತು. ಅವಳ ಮುಖ ನೋಡಿ ಅದೂ ಆಗಲಿಲ್ಲ.

ಅಷ್ಟರಲ್ಲಿ ಎಲ್ಲರೂ ಒಳಗೆ ಬಂದರು. ಅತ್ತೆ ಮುಷ್ಟಿ ಮುಚ್ಚಿದಳು. ನನ್ನ ಕಡೆಗೊಮ್ಮೆ ಮುಖ ತಿರುಗಿಸಿದಳು. ನನ್ನ ಬಾಯಿ ತೆರೆಯಲಿಲ್ಲ.

"ಈ ಅಕ್ಕಿ ಬಿಟ್ಟುಬಿಡಿ," ಎಂದಳು ಅವರಿಗೆ. "ಶುದ್ಧ ಅಂತ ಹೇಳಕ್ಕೆ ನನ್ನಿಂದ ಆಗ್ತಿಲ್ಲ. ಕಣ್ಣು ಮಂಜಾಗಿದೆ. ಮತ್ತೆ ಮೂರು ಸುತ್ತು ಆರಿಸಕ್ಕೆ ಹೊತ್ತಿಲ್ಲ, ನಾಳೆ ಸಂಜೆಗೆ ಆಲೂಗಡ್ಡೆ ಬೇಯಿಸಿ."

ಅಧ್ಯಕ್ಷರು ನನ್ನ ತೋಳು ಹಿಡಿದು ಮೆಲ್ಲಗೆ, "ನೀನು ಸರಿಯಾಗೇ ಹೇಳಿದ್ದೆ ಮುರಾದ್," ಎಂದರು. ಆ ಹೊಗಳಿಕೆಯನ್ನು ಇಟ್ಟುಕೊಂಡೆ. ನನ್ನ ಜೀವಮಾನದಲ್ಲಿ ಕೊಳ್ಳಬಾರದ ಮಾಲು ಕೊಂಡದ್ದು ಅದೊಂದೇ ಸಲ ಎನ್ನಲಾರೆ, ಆದರೆ ವಾಪಸು ಕೊಡಲಾಗದ್ದು ಅದೊಂದೇ.

ಮರುದಿನ ಊಟದಲ್ಲಿ ಗ್ರಿಶಾ ಆಲೂಗಡ್ಡೆ ಎತ್ತಿ ಹಿಡಿದು, "ಕೊನೆಗೂ ಹಾರ್ಬಿನ್ನವರೇ ಗೆದ್ರು!" ಎಂದ. ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ನಝ್ಲಿ ನಗಲಿಲ್ಲ, ನನ್ನ ತಟ್ಟೆಗೆ ಇನ್ನೊಂದು ಆಲೂಗಡ್ಡೆ ಹಾಕಿದಳು.

ಬಿಟ್ಟ ಅಕ್ಕಿಯನ್ನು ಸಭಾಂಗಣ ನೋಡಿಕೊಳ್ಳುವ ಒಕುದಾ-ಸಾನ್ ತನ್ನ ಮನೆಗೆ ಒಯ್ದಳು. ಎರಡು ತಿಂಗಳಾದ ಮೇಲೆ ಬಾಗಿಲಲ್ಲಿ ಸಿಕ್ಕವಳು, "ಅದೆಂಥ ಅಕ್ಕಿ ಯಜಮಾನ್ರೇ! ಒಂದು ಕಲ್ಲಿಲ್ಲ, ಒಂದು ಬೇರೆ ಕಾಳಿಲ್ಲ. ಇಂಥದ್ದನ್ನ ನಾನು ತೊಳೆದೇ ಇರ್ಲಿಲ್ಲ," ಎಂದಳು. ಅಂದರೆ ನಾನು ಹಾಕಿದ್ದು ಹನ್ನೊಂದೇ. ಅತ್ತೆಯ ಬೆರಳು ಒಂದನ್ನೂ ಬಿಟ್ಟಿರಲಿಲ್ಲ. ಅದನ್ನೂ ನಾನು ಯಾರಿಗೂ ಹೇಳಲಿಲ್ಲ.

ಒಂದು ದಿನ ಧೈರ್ಯ ಮಾಡಿ ಅತ್ತೆಯನ್ನು ಕೇಳಿದೆ: "ಅವತ್ತು ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಚಾಡಿ ಆಗತ್ತೆ. ನೀನು ಹೇಳಿದ್ರೆ ತಪ್ಪು ಒಪ್ಪಿಕೊಂಡ ಹಾಗಾಗತ್ತೆ. ನಿನಗೇ ಬಿಟ್ಟಿದ್ದೀನಿ," ಎಂದು ಮಾಜಾಂಗ್ ಬಿಲ್ಲೆ ಜೋಡಿಸತೊಡಗಿದಳು.

ಅವಳು ಇನ್ನೂ ನಾಲ್ಕು ವರ್ಷ ಬದುಕಿದಳು. ಮೂರನೆಯ ಸುತ್ತಿಗೆ ನನ್ನನ್ನೇ ಕೂರಿಸಬೇಕೆಂದು ಸಮಿತಿಗೆ ಹೇಳಿದವಳೂ ಅವಳೇ. ಪ್ರತಿ ವರ್ಷ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ತಟ್ಟೆ ಮುಗಿದಾಗ ಕೇಳುತ್ತಿದ್ದಳು, "ಹೇಳೋದು ಏನಾದ್ರೂ ಇದ್ಯೇನೋ?"

"ಶುದ್ಧ, ಅತ್ತೆ."

"ಅಷ್ಟೇನಾ?"

"ಅಷ್ಟೇ."

"ಸರಿ, ಸುರಿ," ಎನ್ನುತ್ತಿದ್ದಳು. ಮಕ್ಕಳು ನಮ್ಮ ಹಿಂದೆ ಅಕ್ಕಿ ಕಥೆ ಹೇಳಿಕೊಂಡು ಕಿಸಕ್ಕೆನ್ನುತ್ತಿದ್ದರು. ಅವಳಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಕಳೆದ ವರ್ಷ ಕೊನೆಯ ಸಲ 'ಅಷ್ಟೇನಾ?' ಎಂದು ಕೇಳಿದಳು. ಹಬ್ಬ ಮುಗಿದ ವಾರದಲ್ಲೇ ಹೋದಳು.

ಅಕ್ಕಿ ಕಥೆ ಇದೇ, ಗ್ರಿಶಾ. ನಗುವ ಜಾಗ ನನಗೆ ಸಿಗಲಿಲ್ಲ, ನಿನಗೆ ಸಿಕ್ಕರೆ ತಿಳಿಸು. ಆ ವರ್ಷದ ಅಕ್ಕಿಯನ್ನು ಕೆಡಿಸಿದ್ದು ಬಹಿಯಾ ಸಿತ್ತೋನ್‌ಳ ಕಣ್ಣಲ್ಲ, ನನ್ನ ಕೈ. ಮಕ್ಕಳಿಗೆ ಹೇಳುವಾಗ ಇನ್ನು ಹೀಗೆ ಹೇಳಿ.

ಪೆಸಾಹ್‌ಗೆ ಇನ್ನು ಹನ್ನೆರಡು ದಿನ ಇದೆ. ಮೂರನೆಯ ಸುತ್ತಿಗೆ ಈ ಸಲವೂ ನನ್ನ ಹೆಸರು ಹಾಕಿದ್ದಾರೆ. ಇದನ್ನು ಓದಿದ ಮೇಲೆ ಬೇರೆಯವರನ್ನು ಕೂರಿಸುವುದಾದರೆ ಹೊತ್ತಿದೆ. ಅಕ್ಕಿ ಆರಿಸುವ ದಿನ ನಾನು ಮಕ್ಕಳ ಜೊತೆ ಮೊದಲ ಸುತ್ತಿನಲ್ಲಿ ಕೂರುತ್ತೇನೆ.