ಚಂಡವ್ವನ ಮರಿಗಳು

ಆ ಪೆಟ್ಟಿಗೆಯೊಳಗೆ ಕೈ ಹಾಕಿದವನು ನಾನು. ಸುಮಿತ್ರಾ ಅಕ್ಕೋರು ಅಲ್ಲ. ಒಂದು ಊರು ಅವರ ಕೈಯನ್ನು ದೂರಿತು — ದೂರುವಂತೆ ಮಾಡಿದವನೂ ನಾನೇ. ಇದನ್ನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ. ಹಿಂದೆ ನಾಲ್ಕು ಸಲ ಬರೆಯಲು ಕೂತಾಗಲೂ ಪೀಠಿಕೆ ಹಾಕುತ್ತ ಹಾಕುತ್ತ ಹಾಳೆ ಮುಗಿದು, ಹೇಳಬೇಕಾದ ಮಾತು ಹೊರಗೇ ಉಳಿದಿತ್ತು.

ನಾನು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ನನಗೆ ಆಗ ಇಪ್ಪತ್ತಾರು. ನವಲಗುಂದ ತಾಲ್ಲೂಕಿನಲ್ಲಿ, ಮೊರಬದಿಂದ ದೂರವೇನೂ ಅಲ್ಲದ ಒಂದು ಊರು. ಡಾಕ್ಟರು ಬರುತ್ತಿದ್ದುದು ವಾರಕ್ಕೊಮ್ಮೆ, ಮಂಗಳವಾರ. ಉಳಿದ ದಿನ ನಾನೇ ಡಾಕ್ಟರು. ಎತ್ತಿನ ಗಾಯಕ್ಕೆ ಹುಳು ಬಿದ್ದರೆ ಟರ್ಪಂಟೈನ್ ಎಣ್ಣೆ ಹಾಕುವುದು, ಹೊಟ್ಟೆ ಉಬ್ಬಿದ ಎಮ್ಮೆಗೆ ಬಿದಿರಿನ ಗೊಟ್ಟದಲ್ಲಿ ಔಷಧ ಕುಡಿಸುವುದು — ಇಷ್ಟು ಬರುತ್ತಿತ್ತು. ಬಾರದ್ದನ್ನೂ ಬರುತ್ತದೆ ಎಂದು ಹೇಳಿ ಹೇಳಿ ರೂಢಿಯಾಗಿತ್ತು. ನಮ್ಮದು ಹೊಲ ಮನೆ ಇದ್ದ ಕುಲ, ದಿನಾ ಲಿಂಗಪೂಜೆ ಮಾಡುವ ಮನೆತನ. ಊರಲ್ಲಿ ನನ್ನ ಮಾತಿಗೆ ಯಾರೂ ಎದುರು ಹೇಳುತ್ತಿರಲಿಲ್ಲ.

ಸುಮಿತ್ರಾ ಅಕ್ಕೋರು ಶಾಲೆಗೆ ವಿಜ್ಞಾನ ಕಲಿಸಲು ಬಂದವರು. ನನ್ನಷ್ಟೇ ವಯಸ್ಸು. ಅವರ ತಂದೆಯ ಕಾಲಕ್ಕೇ ಮನೆಯವರೆಲ್ಲ ಬೌದ್ಧರಾಗಿದ್ದರು. ಊರೊಳಗೆ ಅವರಿಗೆ ಬಾಡಿಗೆಗೆ ಒಂದು ಮನೆ ಸಿಗಲಿಲ್ಲ — ಯಾರೂ ಇಲ್ಲ ಎನ್ನಲಿಲ್ಲ, ಎಲ್ಲರೂ "ನೋಡೂಣ್ರಿ" ಎಂದರು. ಕಡೆಗೆ ಶಾಲೆಯ ಹಿಂದಿನ ಖೋಲಿಯಲ್ಲಿ ಒಬ್ಬರೇ ಉಳಿದರು. ಆದರೂ ವರ್ಷ ತುಂಬುವುದರೊಳಗೆ ಊರ ಹೆಂಗಸರು ಅವರನ್ನು ಹಚ್ಚಿಕೊಂಡಿದ್ದರು. ಸೂಜಿ ಚುಚ್ಚುವ ನರ್ಸಬಾಯಿ ಬಂದ ದಿನ, ಅಳುವ ಕೂಸುಗಳನ್ನು ತಾಯಂದಿರು ತಾವಾಗಿಯೇ ಅಕ್ಕೋರ ಕೈಗೆ ಕೊಡುತ್ತಿದ್ದರು. ಅವರು ಎತ್ತಿಕೊಂಡರೆ ಕೂಸು ಸುಮ್ಮನಾಗುತ್ತದೆ ಎಂಬ ನಂಬಿಕೆ. ಇದನ್ನು ಹೇಳುವುದಕ್ಕೆ ಕಾರಣವಿದೆ. ನಾನು ಹಾಳು ಮಾಡಿದ್ದು ಇದನ್ನೇ.

ಅವರ ಅಣ್ಣ ಲಾರಿ ಡ್ರೈವರ್. ಒಮ್ಮೆ ಆಂಧ್ರದ ಕಡೆಯಿಂದ ಬರುವಾಗ ರಸ್ತೆ ಬದಿಯ ಕುರುಚಲಲ್ಲಿ ಎರಡು ಪ್ರಾಣಿ ಜೊತೆಗಿದ್ದದ್ದನ್ನು ನೋಡಿ, ಒಂದನ್ನು ಹಿಡಿದು ತಂಗಿಗೆ ತಂದುಕೊಟ್ಟ. ಅಕ್ಕೋರು ಅದನ್ನು ಮುಳ್ಳಿಲಿ ಎಂದರು. ನಾವು ಹೊಲದಲ್ಲಿ ಕಾಣುವ ಮುಳ್ಳುಹಂದಿಯಲ್ಲ — ಅರ್ಧ ತೆಂಗಿನಕಾಯಿಯಷ್ಟು ಮೈ, ಚೂಪು ಮೂತಿ, ಬೆನ್ನ ತುಂಬ ಸಣ್ಣ ಮುಳ್ಳು. ಮುಟ್ಟಿದರೆ ಸಾಕು, ಮೂತಿ ಕಾಲು ಒಳಗೆ ಎಳೆದುಕೊಂಡು ಚಂಡಾಗಿಬಿಡುತ್ತಿತ್ತು. ಶಾಲೆಯ ಮಕ್ಕಳು ಅದಕ್ಕೆ ಚಂಡವ್ವ ಎಂದು ಹೆಸರಿಟ್ಟರು. ಚಹಾಪುಡಿ ಬರುವ ತೆಳು ಹಲಗೆಯ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಅಕ್ಕೋರು ಅದನ್ನು ಸಾಕಿದರು. ಮಿಡತೆ, ಗೆದ್ದಲು, ಕುದಿಸಿದ ತತ್ತಿ ಅದರ ಊಟ. ಅವರ ಕೈ ಗುರುತು ಸಿಕ್ಕ ಮೇಲೆ ಅದು ಚಂಡಾಗುವುದನ್ನು ಬಿಟ್ಟಿತು. ಅಂಗೈ ಮೇಲೆ ಚಪ್ಪಟೆಯಾಗಿ ಮಲಗಿ ಮೂತಿ ಆಡಿಸುತ್ತಿತ್ತು — ಅವರ ಅಂಗೈ ಮೇಲೆ ಮಾತ್ರ.

ಎರಡು ವಾರಕ್ಕೆ ಅದರ ಹೊಟ್ಟೆ ದಪ್ಪಗಾಯಿತು. ಪೆಟ್ಟಿಗೆ ಹಿಡಿದು ಅಕ್ಕೋರು ದವಾಖಾನೆಗೆ ಬಂದರು.

"ಬಸರೇನ್ರಿ ಕಂಪೌಂಡ್ರ? ಸ್ವಲ್ಪ ನೋಡ್ರಿ."

ನೋಡುವುದಾದರೂ ಹೇಗೆ? ನನ್ನ ಕೈ ಸೋಕಿದ ಕೂಡಲೆ ಅದು ಚಂಡಾಯಿತು. ಕಾದೆ, ಬಿಚ್ಚಿತು, ಬೆರಳು ಹತ್ತಿರ ತಂದೆ, ಮತ್ತೆ ಚಂಡು. ಆಕಳಿನ ಬಸಿರು ತಿಳಿಯುವುದು ನನಗೆ ಬರುತ್ತಿತ್ತು. ಈ ಬೊಗಸೆಯಷ್ಟು ಜೀವ ನನ್ನನ್ನು ಅರ್ಧ ತಾಸು ಆಟವಾಡಿಸಿತು. ಕಟ್ಟೆಯ ಮೇಲೆ ಎತ್ತು ಹಿಡಿದುಕೊಂಡು ಕೂತ ನಾಲ್ಕು ಜನ ಮೀಸೆಯಲ್ಲೇ ನಗುತ್ತಿದ್ದರು. ನಾನು ಕೈ ಝಾಡಿಸಿ ಎದ್ದೆ. "ಬಸರಿಲ್ಲ ಏನಿಲ್ಲ. ಕೊಬ್ಬು. ತತ್ತಿ ಬಿಡಸ್ರಿ, ಹಾಲು ಹಾಕ್ರಿ" ಎಂದೆ.

ಹಾಲಿಗೆ ಅದು ಎರಡು ದಿನ ಉಚ್ಚಿಕೊಂಡಿತು. ಮೂರನೆಯ ದಿನ ಅಕ್ಕೋರು ಬಂದರು. ಸಿಟ್ಟು ಮಾಡಲಿಲ್ಲ, ತಮ್ಮ ವರ್ಗದಲ್ಲಿ ಪಾಠ ಹೇಳುವ ದನಿಯಲ್ಲೇ ಹೇಳಿದರು: "ಹಾಲು ಇದಕ್ಕ ಆಗಿ ಬರೂದಿಲ್ರಿ. ನಿಲ್ಲಿಸೇನಿ. ನಿಮಗ ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಹೇಳಾಕ ಏನಾಕ್ಕೈತ್ರಿ ಕಂಪೌಂಡ್ರ?"

ಕಟ್ಟೆಯ ಮೇಲಿದ್ದವರು ಕೇಳಿದರು. ಅದೇ ನನಗೆ — ಇಲ್ಲ, ಅಷ್ಟೇ ಅಲ್ಲ. ನಿಜ ಹೇಳಬೇಕು. ಇದೇ ಮಾತನ್ನು ಹೆಡ್‌ಮಾಸ್ತರರು ಹೇಳಿದ್ದರೆ ನಕ್ಕು ಬಿಡುತ್ತಿದ್ದೆ. ಹೇಳಿದವರು ಅವರು ಎಂಬುದು ನನ್ನನ್ನು ಚುಚ್ಚಿತು. ಊರೊಳಗೆ ಮನೆ ಸಿಗದವರು, ಊರ ನಡುವೆ ನನಗೆ ಬುದ್ಧಿ ಹೇಳುವುದೇ — ಈ ಮಾತು ಬಾಯಿಗೆ ಬರಲಿಲ್ಲ. ಮನಸ್ಸಿಗೆ ಬಂದಿತ್ತು.

ಮಂಗಳವಾರ ಡಾಕ್ಟರನ್ನು ಕೇಳಿದೆ. ಅವರು ನಕ್ಕರು. "ಅದು ನಮ್ಮ ಪುಸ್ತಕದಾಗ ಇಲ್ಲೋ. ದನಾ ನೋಡು" ಎಂದರು. ಆಗಲಾದರೂ ಹೋಗಿ, ಡಾಕ್ಟರಿಗೂ ಗೊತ್ತಿಲ್ಲವಂತೆ, ನನಗೂ ಗೊತ್ತಿಲ್ಲ ಎನ್ನಬಹುದಿತ್ತು. ಅದರ ಬದಲು ಸಿಕ್ಕ ಸಿಕ್ಕವರ ಮುಂದೆ "ಆ ಇಲಿ ಬಸರಿಲ್ಲ, ಬೇಕಾದ್ರ ಬರದು ಕೊಡತೀನಿ" ಎನ್ನುತ್ತ ತಿರುಗಿದೆ. ಅಕ್ಕೋರು ಪ್ರತಿ ರವಿವಾರ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಚಂಡವ್ವನನ್ನು ತೂಗಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ವಾರದಿಂದ ವಾರಕ್ಕೆ ತೂಕ ಏರುತ್ತಿತ್ತು. ಅಂಗಡಿಯವನು ಅದನ್ನು ನನಗೆ ಹೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ಊರಲ್ಲಿ ಅರ್ಧ ಜನ ನನ್ನ ಕಡೆ, ಅರ್ಧ ಜನ ಅವರ ಕಡೆ. ಅಂಗೈಯಷ್ಟು ಪ್ರಾಣಿ, ನನ್ನ ಮರ್ಯಾದೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿತ್ತು.

ಒಂದು ಸೋಮವಾರ ಚಂಡವ್ವ ಊಟ ಬಿಟ್ಟು, ಹುಲ್ಲನ್ನೆಲ್ಲ ಒಂದು ಮೂಲೆಗೆ ಎಳೆದುಕೊಂಡಿತು. ಅಕ್ಕೋರು ಪೆಟ್ಟಿಗೆಯ ಮೇಲೆ ಗೋಣಿಚೀಲ ಇಳಿಬಿಟ್ಟರು. ದವಾಖಾನೆಗೆ ಬಂದು ನನಗೂ ಹೇಳಿ ಹೋದರು: "ಎಂಟು ದಿನ ಯಾರೂ ಪೆಟಗಿ ತಗೀಬ್ಯಾಡ್ರಿ. ನಾನೂ ಮುಟ್ಟೂದಿಲ್ಲ. ನಾಯಿ ಈದಾಗ ಸೈತ ಬಾಜು ಹೋಗಬಾರದು ಅಂತಾರಲ್ರಿ." ನಾನು "ಆತ್ರಿ" ಎಂದೆ.

ಗುರುವಾರ ಮಧ್ಯಾಹ್ನ ಒಂದು ಎತ್ತಿನ ಗಾಯ ತೊಳೆದು ಔಷಧ ಹಾಕಿ ಹೊರಟೆ. ಕೈಯೆಲ್ಲ ಟರ್ಪಂಟೈನ್ ವಾಸನೆ. ಶಾಲೆಯಲ್ಲಿ ಪಾಠ ನಡೆದಿತ್ತು. ಅಕ್ಕೋರ ದನಿ ಕಿಟಕಿಯಿಂದ ಕೇಳುತ್ತಿತ್ತು. ಹಿಂದಿನ ಖೋಲಿಗೆ ಬರೀ ಚಿಲಕ ಹಾಕಿತ್ತು, ಕೀಲಿ ಇರಲಿಲ್ಲ. ನನ್ನ ಮಾತು ಖರೇ ಎಂದು ಒಮ್ಮೆ ಕಣ್ಣಾರೆ ನೋಡಿಕೊಂಡುಬಿಡಬೇಕು — ಅಷ್ಟೇ ಇತ್ತು ತಲೆಯಲ್ಲಿ. ಗೋಣಿಚೀಲ ಎತ್ತಿದೆ. ಹುಲ್ಲಿನೊಳಗೆ ಕೈ ಹಾಕಿ ಸರಿಸಿದೆ.

ಮರಿಗಳಿದ್ದವು.

ಚಂಡವ್ವ ಬುಸ್ಸೆಂದು ಬೆರಳಿಗೆ ಮುಳ್ಳು ಚುಚ್ಚಿತು. ನಾನು ಹುಲ್ಲನ್ನು ಹೇಗೆ ಬಂತೋ ಹಾಗೆ ದಬ್ಬಿ, ಚೀಲ ಇಳಿಬಿಟ್ಟು ಹೊರಗೆ ಬಂದೆ. ದಾರಿಯುದ್ದಕ್ಕೂ ಒಂದೇ ಚಿಂತೆ: ಈಗ ಊರಿಗೆ ಏನು ಹೇಳುವುದು? ಮರಿಗಳ ಚಿಂತೆ ಬರಲೇ ಇಲ್ಲ.

ಸಂಜೆ ದವಾಖಾನೆಯ ಕಟ್ಟೆಯ ಮೇಲೆ ಐದಾರು ಜನ ಇದ್ದರು. ಅಕ್ಕೋರು ಚಪ್ಪಲಿ ಇಲ್ಲದೆ ಬಂದರು.

"ಮರಿ ಹಾಕಿತ್ರಿ ಕಂಪೌಂಡ್ರ. ಹಾಕಿ... ತಿಂದೈತ್ರಿ. ನೀರಿಡಾಕ ಚೀಲ ಎತ್ತಿ ನೋಡಿದ್ರ ಒಂದು ಕಾಲಷ್ಟ ಉಳದೈತಿ. ಯಾಕ ಹಿಂಗ ಮಾಡತು? ಯಾರರ ಪೆಟಗಿ ತಗದ್ರೇನು?"

ಎಲ್ಲರೂ ನನ್ನನ್ನೇ ನೋಡಿದರು. ಬಸಿರಿಲ್ಲ ಎಂದಿದ್ದವನು ನಾನು. ಮುಳ್ಳು ಚುಚ್ಚಿದ ಬೆರಳನ್ನು ಮುಷ್ಟಿಯಲ್ಲಿ ಮಡಚಿಕೊಂಡೆ. ಆಮೇಲೆ ಹೇಳಿದೆ — ಯೋಚಿಸಿ, ಸಾವಕಾಶವಾಗಿ ಹೇಳಿದೆ:

"ನಿಮ್ಮ ಕೈ ವಾಸನಿ ಹತ್ತಿರಬೇಕ್ರಿ ಅಕ್ಕೋರ. ದಿನಾ ಮುಟ್ಟತಿದ್ರಲ್ಲ. ಅದಕ್ಕ ತಾಯಿ ಮರಿ ತಿಂದಾಳ."

ಕಟ್ಟೆಯ ಮೇಲೆ ಯಾರೋ "ಮುಟ್ಟಬಾರದವ್ರು ಮುಟ್ಟಿದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಉಳಿದರ್ಧ ಎಲ್ಲರಿಗೂ ಕೇಳಿಸಿತು. ನನ್ನ ಮಾತು ಆ ಕಡೆ ಹೊರಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾದೀತು. ಗೊತ್ತಿತ್ತು. ಅಕ್ಕೋರು ತಮ್ಮ ಎರಡೂ ಅಂಗೈ ತಿರುಗಿಸಿ ನೋಡಿಕೊಂಡರು. ಬಂದ ದಾರಿ ಹಿಡಿದು ಹೋದರು.

ಮುಂದಿನ ಸಲ ನರ್ಸಬಾಯಿ ಬಂದ ದಿನ ನಾನು ಶಾಲೆಯ ಮುಂದೆಯೇ ಇದ್ದೆ. ಅಕ್ಕೋರು ಎಂದಿನಂತೆ ಕೈ ಚಾಚಿದರು. ಆ ತಾಯಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡು, "ಇರಲಿ ಬಿಡ್ರಿ, ನಾನ ಹಿಡೀತೀನಿ" ಎಂದಳು. ಎರಡನೆಯವಳೂ ಅಷ್ಟೇ. ಮೂರನೆಯವಳ ಮುಂದೆ ಅವರು ಕೈ ಚಾಚಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿದ್ದೆ ನಾನು. ಒಂದೇ ಒಂದು ಮಾತು — ಪೆಟ್ಟಿಗೆ ತೆಗೆದವ ನಾನು ಎಂಬ ಒಂದು ಮಾತು... ಆಡಲಿಲ್ಲ. ವರ್ಷದ ಕೊನೆಗೆ ಅವರು ವರ್ಗಾವಣೆ ಕೇಳಿಕೊಂಡು ಕಲಘಟಗಿಯ ಕಡೆ ಹೋದರು. ಚಂಡವ್ವನನ್ನೂ ಒಯ್ದರು.

ಐದಾರು ವರ್ಷದ ಹಿಂದೆ ಧಾರವಾಡದಲ್ಲಿ ಪಿಂಚಣಿ ಕಾಗದಕ್ಕಾಗಿ ಸಾಲಿನಲ್ಲಿ ನಿಂತಾಗ ಅವರೇ ನನ್ನನ್ನು ಗುರುತಿಸಿ ಮಾತಾಡಿಸಿದರು. ಚಹಾ ಕುಡಿದೆವು. "ಚಂಡವ್ವ ಆಮ್ಯಾಲ ಎರಡು ವರ್ಷ ಬದುಕಿತ್ರಿ. ನಾ ಮಾತ್ರ ಮತ್ತ ಕೈಯಾಗ ತಗೊಳ್ಳಲಿಲ್ಲ. ಕೈಗೆ ಅರಬಿ ಸುತ್ತಿಕೊಂಡು ಎತ್ತತಿದ್ದೆ" ಎಂದರು, ನಗುತ್ತಲೇ. ಆಗಲೂ ಹೇಳಲಿಲ್ಲ ನಾನು. ಅವರ ಬಸ್ ಬರುವವರೆಗೆ ನನ್ನ ಮೊಣಕಾಲು ನೋವಿನ ಮಾತಾಡಿದೆ. ಮೊದಲ ತಪ್ಪಿಗೆ ವಯಸ್ಸು, ಸಿಟ್ಟು ಎಂದೇನೋ ಹೆಸರಿಡಬಹುದು. ಈ ಎರಡನೆಯದಕ್ಕೆ — ಹೆಸರೇ ಸಿಗುತ್ತಿಲ್ಲ.

ಹೋದ ತಿಂಗಳು ವಿಳಾಸ ಹುಡುಕಿ ಹೋದೆ. ಕಲಘಟಗಿ ಕಡೆಯ ತಂಬೂರದ ಬಾಜು ಒಂದು ಊರಲ್ಲಿ ತಂಗಿಯ ಮನೆಯ ಪಕ್ಕ ಇದ್ದಾರೆ. ನಿಂತೇ ಹೇಳಿದೆ, ಎಲ್ಲ, ಗೋಣಿಚೀಲದಿಂದ ಹಿಡಿದು. ಅವರು ನಾನು ನಿರೀಕ್ಷಿಸದ ಪ್ರಶ್ನೆ ಕೇಳಿದರು.

"ಎಷ್ಟಿದ್ದುವ್ರಿ?"

"ಮೂರು."

"ಜೀವ ಇತ್ತ?"

"ಇತ್ರಿ."

"ಹೆಂಗಿದ್ದುವು? ನಾ ನೋಡಲಿಲ್ಲಲ್ಲ."

ಹೇಳಿದೆ. ಬಣ್ಣ ಗುಲಾಬಿ, ಹೆಬ್ಬೆರಳ ತುದಿಯಷ್ಟು ಮೈ, ಕಣ್ಣು ಮುಚ್ಚಿದ್ದವು, ಬೆನ್ನ ಮೇಲೆ ಬೆಳ್ಳಗೆ ಮೆತ್ತನೆಯ ಮುಳ್ಳು ಆಗಷ್ಟೇ ಎದ್ದಿದ್ದವು, ಒಂದು ಮರಿ ಇನ್ನೊಂದರ ಮೇಲೆ ಬಾಯಿ ಇಟ್ಟು ಮಲಗಿತ್ತು. ಅವರು ಕೇಳಿಸಿಕೊಂಡರು. ನಾನು ಕ್ಷಮೆಯ ಮಾತು ತೆಗೆದೆ. ಅವರು ಕೈ ಎತ್ತಿ ತಡೆದರು.

"ನನಗ ಹೇಳಿದ್ರಿ, ಆತು. ಆದರ ನೀವು ಮಾತು ಆಡಿದ್ದು ಊರ ಮುಂದ್ರಿ. ಈಗ ಹೋಗ್ರಿ."

ಹೋದೆ. ಮರುದಿನವೇ ದವಾಖಾನೆ ಇದ್ದ ಆ ಊರಿಗೆ ಹೋದೆ. ಅಂದು ಕಟ್ಟೆಯ ಮೇಲಿದ್ದವರಲ್ಲಿ ಉಳಿದವರು ಇಬ್ಬರು. ಅವರನ್ನೂ ಇನ್ನು ಕೆಲವರನ್ನೂ ಕೂರಿಸಿಕೊಂಡು, ಮುಳ್ಳಿಲಿ, ಪೆಟ್ಟಿಗೆ, ನನ್ನ ಕೈ, ನನ್ನ ಸುಳ್ಳು — ಎಲ್ಲ ಹೇಳಿದೆ. ಆ ಇಬ್ಬರಲ್ಲಿ ಒಬ್ಬ ನಿಂಗಪ್ಪ, ನನಗಿಂತ ಹಿರಿಯ. ಕಿವಿಗೆ ಕೈ ಹಚ್ಚಿ ಕೇಳಿದ. ಕಡೆಗೆ ತಲೆ ಅಲ್ಲಾಡಿಸಿದ.

"ಎಂಥಾ ಇಲಿರಿ? ನಮಗೇನ ನೆನಪಿಲ್ರಿ. ಹಾಂ, ಆ ಅಕ್ಕೋರು... ಅವರ ಕೈಗುಣ ಛಲೋ ಇರಲಿಲ್ಲ ಅಂತಿದ್ರಲ್ಲ, ಅವರೇನ್ರಿ?"

ಇಲಿ ಹೋಗಿತ್ತು, ಮರಿ ಹೋಗಿದ್ದವು, ನಾನೂ ಹೋಗಿದ್ದೆ. ಆ ಒಂದು ಮಾತು ಮಾತ್ರ ಉಳಿದಿತ್ತು. ಅಂದು ಹುಟ್ಟಿಯೇ ಇರದ ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ನಿಂತು, ಹೌದು, ನಮ್ಮವ್ವನೂ ಹಾಗೆ ಹೇಳುತ್ತಿದ್ದಳು ಎಂದಳು.

ನಾನು ಅವಳನ್ನೂ ಒಳಗೆ ಬಂದು ಕೂರಲು ಹೇಳಿದೆ. ಮತ್ತೆ ಮೊದಲಿನಿಂದ ಹೇಳತೊಡಗಿದೆ.