ನಾಲ್ಕು ಬೆರಳು ತೂರುವ ಬಲೆ

ಶನಿವಾರ, ಬೆಳಿಗ್ಗೆ 6.20. ಇಂದಾಪುರದ ಬಳಿ, ಅಣೆಕಟ್ಟಿನ ಹಿನ್ನೀರಿನ ದಡ.

ಮರಿಗಳೆಲ್ಲ ಸಣ್ಣ ಕಣ್ಣಿನ ಬಲೆಗಳಿಗೆ ಬಿದ್ದು ಹೋದ ವರ್ಷ ಇಲ್ಲಿ ಮೀನೇ ಉಳಿಯಲಿಲ್ಲವಂತೆ. ಅದಕ್ಕೆ ಮೀನುಗಾರರು ತಾವೇ ಒಂದು ಕಟ್ಟಳೆ ಮಾಡಿಕೊಂಡಿದ್ದಾರೆ: ಬಲೆಯ ಕಣ್ಣಿನಲ್ಲಿ ನಾಲ್ಕು ಬೆರಳು ಒಟ್ಟಿಗೆ ತೂರಬೇಕು, ಇಲ್ಲದಿದ್ದರೆ ಆ ಬಲೆ ನೀರಿಗೆ ಇಳಿಯಬಾರದು. ತೂರಿಸಿ ನೋಡುವವಳು ಶಾಂತವ್ವ. ಗಂಡನೊಂದಿಗೆ ವಿಜಯಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿದವಳು. ಗಡಿಯಾಚೆಯ ಈ ಊರಿಗೆ ಇದನ್ನೆಲ್ಲ ನೋಡಲು ಬಂದ ನನ್ನ ಕನ್ನಡ ಕೇಳಿ ಪಕ್ಕದಲ್ಲೇ ಕೂರಿಸಿಕೊಂಡಳು.

ಪಾಸಾದ ಬಲೆಗೊಂದರಂತೆ ನಾನು ಪುಸ್ತಕದಲ್ಲಿ ಗೀಟು ಹಾಕುತ್ತ ಹೋದೆ. ಹದಿಮೂರು ಬಲೆಗಳು ಪಾಸಾದವು. ಹದಿನಾಲ್ಕನೆಯದರಲ್ಲಿ ಅವಳ ನಾಲ್ಕನೆಯ ಬೆರಳು ಸಿಕ್ಕಿಕೊಂಡಿತು. ಅದು ಅವಳ ಗಂಡನದೇ ಬಲೆ.

"ನಿನ್ನ ಬೆರಳ ದಪ್ಪ ಆಗ್ಯಾವ" ಎಂದ ಅವನು. ಎಲ್ಲರೂ ನಕ್ಕರು.

"ಹಂಗಾರ ನಿಮ್ಮವ ಹಾಕಿ ನೋಡ್ರಿ."

ಅವನ ಬೆರಳುಗಳೂ ಮೂರಕ್ಕೇ ನಿಂತವು. ದನಿ ತಗ್ಗಿಸಿದ: "ಇವತ್ತೊಂದಿನ ಬಿಡ. ಮನ್ಯಾಗ ಉಣ್ಣಬೇಕಲ್ಲ?"

"ಮುಂದಿನ ವರ್ಷಾನೂ ಉಣ್ಣಬೇಕ್ರಿ."

ಶಾಂತವ್ವ ಬಲೆಯನ್ನು ಮಡಚಿ, ಕೆಳಗೆ ಹಾಕಿಕೊಂಡು, ಅದರ ಮೇಲೆಯೇ ಕುಳಿತುಬಿಟ್ಟಳು. ಅವನು ಬಲೆ ಪಾಸಾಗಿದ್ದ ಪಕ್ಕದವರ ದೋಣಿ ಹತ್ತಿ ಹುಟ್ಟು ಹಿಡಿದ.