ಗಾಳಕ್ಕೆ ಸೊಟ್ಟ ಉಂಡೆ

ನೌಬಾದದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಬಸ್ ಓಡಿಸಿ ನಿವೃತ್ತರಾದವರು. ಅವರಿಗೆ ಮೀನು ಹಿಡಿಯುವ ಹುಚ್ಚು. ಗಾಳಕ್ಕೆ ಅಂಗಡಿಯ ತುಟ್ಟಿ ಮೇವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಶೇಂಗಾ ಹಿಂಡಿ, ಪುಟಾಣಿ ಹಿಟ್ಟು, ರವೆಗೆ ತತ್ತಿ ಒಡೆದು ಹಾಕಿ ನಾದಿ, ಗೋಲಿಯಷ್ಟು ಉಂಡೆ ಕಟ್ಟಿ, ಕುದಿಸಿ, ನೆರಳಲ್ಲಿ ಒಣಗಿಸುತ್ತಿದ್ದರು. ಆ ಗಟ್ಟಿ ಉಂಡೆಯನ್ನು ಸಣ್ಣ ಮೀನುಗಳು ಕೆಡಿಸಲಾರವು. ದೊಡ್ಡ ಕಟ್ಲಾ ಮೀನೇ ಬಂದು ನುಂಗಬೇಕು. ಜೊತೆಗೆ ಕೂತು ಉಂಡೆ ಕಟ್ಟುವಾಗ ನಾನು ಅವಸರ ಮಾಡಿದರೆ, "ಗಡಬಡ ಬ್ಯಾಡ್ರಿ, ಹಿಟ್ಟಿಗಿ ಗೊತ್ತಾಗ್ತದ," ಎನ್ನುತ್ತಿದ್ದರು.

ಕಳೆದ ವರ್ಷ ಲಕ್ವಾ ಹೊಡೆದು ಅವರ ಬಲಗೈ ಸತ್ತಂತಾಯಿತು. ಹಿಚುಕುತ್ತಿದ್ದರೆ ಕೈಗೆ ಬಲ ಬರುತ್ತದೆಂದು ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡನ್ನು ಕಾಕಾ ಮೂಲೆಗೆಸೆದರು. ಒಂದು ಬೆಳಿಗ್ಗೆ ಅವರ ಹೆಂಡತಿ, ನಮ್ಮ ಕಾಕು, ನಾದಿದ ಹಿಟ್ಟಿನ ಪರಾತವನ್ನು ಅವರ ಮುಂದಿಟ್ಟರು.

"ನನಗ ಉಂಡಿ ಕಟ್ಲಾಕ ಬರಲ್ಲರಿ. ನೀವೇ ಕಟ್ರಿ."

"ಈ ಕೈಲೇನು?"

"ಹೂಂರಿ, ಅದೇ ಕೈಲೆ."

ಕಾಕಾ ಮುಖ ತಿರುಗಿಸಿದರು. ಆಮೇಲೆ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಟ್ಟಿನ ಮೇಲಿಟ್ಟರು. ಅಂದಿನ ಉಂಡೆಗಳೆಲ್ಲ ಸೊಟ್ಟಸೊಟ್ಟ. ಆದರೂ ಅಂದಿನಿಂದ ದಿನಾಲೂ ಕಟ್ಟತೊಡಗಿದರು.

ಮಳೆಗಾಲ ಕಳೆದ ಮೇಲೆ ಅವರನ್ನು ಭಾಲ್ಕಿ ಕಡೆಯ ಕಾರಂಜಾ ಜಲಾಶಯಕ್ಕೆ ಕರೆದೊಯ್ದೆ. ಅವರು ಕಟ್ಟಿದ ಉಂಡೆಯೊಂದನ್ನು ಗಾಳಕ್ಕೆ ಸಿಕ್ಕಿಸಿಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ದಾರ ಜಗ್ಗಿತು. ಕಾಕಾ ಎರಡೂ ಕೈಯಿಂದ ಗಾಳದ ಕೋಲು ಹಿಡಿದು ಎಳೆದರು. ಮೀನು ಸಾಕಷ್ಟು ಸತಾಯಿಸಿ, ಕೊನೆಗೆ ದಾರ ಹರಿದುಕೊಂಡು ಹೋಯಿತು.

"ಹೋಯ್ತಲ್ರಿ ಕಾಕಾ," ಎಂದೆ.

"ಹೋಗ್ಲಿ ಬಿಡ್ರಿ. ಇದು ಬಿಟ್ಟಿಲ್ಲ ನೋಡ್ರಿ," ಎಂದು ಬಲಗೈಯತ್ತ ಗದ್ದ ತಿರುಗಿಸಿದರು.

ಕೋಲಿಗೆ ಬಿಗಿದುಕೊಂಡಿದ್ದ ಆ ಬೆರಳುಗಳನ್ನು ನಾನೇ ಒಂದೊಂದಾಗಿ ಬಿಡಿಸಬೇಕಾಯಿತು.